ತಂಪು ಪರ್ಸಿಯ ಮೇಲೆ ನಿಂತ ಭೀಮಬಾಯಿ

ಮಾನ್ಯ ಓದುಗರ ಸನ್ನಿಧಿಗೆ,

ಮೊಟ್ಟಮೊದಲು ನನ್ನ ಕಾಗುಣಿತದ ದೋಷಗಳಿಗೂ ಕೆಟ್ಟ ಕೈಬರಹಕ್ಕೂ ಕ್ಷಮೆ ಕೋರುತ್ತೇನೆ. ನಾನು ಬರಹಗಾರನಲ್ಲ. ಈವರೆಗೆ ನಾನು ಬರೆದಿರುವುದು ರಜೆಯ ಅರ್ಜಿ, ಔಷಧಿಯ ಬೇಡಿಕೆ ಪತ್ರ ಮತ್ತು ಮಾಸಿಕ ವರದಿ ಮಾತ್ರ. ಆದಕಾರಣ ಇದರಲ್ಲಿ ಕಚೇರಿ ಪತ್ರದ ಧಾಟಿ ಕಂಡುಬಂದಲ್ಲಿ ಮನ್ನಿಸಬೇಕಾಗಿ ವಿನಂತಿ. ಕೈಬರಹದ ಬಗ್ಗೆ ಒಂದು ಮಾತು ಹೆಚ್ಚಿಗೆ ಹೇಳಬೇಕಾಗಿದೆ. ನನ್ನ ಅಕ್ಷರಗಳು ಎಡಕ್ಕೆ ವಾಲುತ್ತವೆ, ಕೊಂಬುಗಳು ಉದ್ದವಾಗಿ ಕೆಳಗಿನ ಸಾಲಿಗೆ ಇಳಿಯುತ್ತವೆ. ಒಮ್ಮೆ ನೋಡಿದವರು ಮರೆಯುವುದಿಲ್ಲ. ಇದರಿಂದ ಒಬ್ಬರಿಗೆ ಆದದ್ದನ್ನು ತಮ್ಮ ಅವಗಾಹನೆಗೆ ತರುವುದೇ ಈ ಬರಹದ ಉದ್ದೇಶ.

ಭೀಮಬಾಯಿ ನಮ್ಮ ಕೇಂದ್ರದಲ್ಲಿ ಎಂದೂ ಕುರ್ಚಿಯ ಮೇಲೆ ಕೂರಲಿಲ್ಲ. ಇದು ಅವರ ನಿಜವಾದ ಹೆಸರಲ್ಲ. ನಿಜವಾದ ಹೆಸರನ್ನು ಬರೆಯುವ ಹಕ್ಕು ನನಗಿಲ್ಲ. ಗೇಟಿನ ಹತ್ತಿರವೇ ಚಪ್ಪಲಿ ಕಳಚಿ ಚೀಲಕ್ಕೆ ಹಾಕಿಕೊಂಡು, ಪಡಸಾಲೆಯ ಕಲ್ಲುಹಾಸಿನ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ನೋಡುತ್ತ ಬರುತ್ತಿದ್ದರು. ಕುಡಿಯುವ ನೀರಿನ ನಲ್ಲಿಯ ಪಕ್ಕದ ಪರ್ಸಿಯ ಮೇಲೆ ಬಂದು ನಿಂತರೆಂದರೆ ಸರದಿ ಬರುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ. ಶಹಾಬಾದ ಕಲ್ಲಿನ ಹಾಸಿಗೆ ನಮ್ಮ ಕಡೆ ಪರ್ಸಿ ಎನ್ನುತ್ತಾರೆ. ನಲ್ಲಿಯ ನೀರು ಜಿನುಗಿ ಆ ಒಂದು ಪರ್ಸಿ ಸದಾ ತೇವವಾಗಿರುತ್ತಿತ್ತು. ಬೂದು ಬಣ್ಣದ, ಬಿರುಕುಬಿಟ್ಟ ಎರಡು ಪಾದಗಳು ಅದಕ್ಕೆ ಅಂಟಿಕೊಂಡಂತೆ ಇರುತ್ತಿದ್ದವು.

“ಕುಂದ್ರಿ ಭೀಮಬಾಯಿ, ಕುರ್ಚಿ ಖಾಲಿ ಅದಾವ,” ಎಂದು ನಾನು ಮೊದಲ ದಿನ ಹೇಳಿದೆ.

“ಕುರ್ಚಿ ಮ್ಯಾಲೆ ಕುಂತ್ರ ಕಾಲ ಗಾಳ್ಯಾಗ ಸುಡತಾವ್ರಿ ಸರ್. ಈ ಕಲ್ಲ ಭಂಕೂರ ಕಡೀದು, ತಂಪ ಹಿಡೀತದ. ಆ ಕಡಿ ಹಾಕಿದ್ದು ಬ್ಯಾರೆ ಖಣಿದು, ಬಿಸಿ ಅದ. ದುಡ್ಡ ತಿಂದು ಎರಡ ನಮೂನಿ ಹಾಕ್ಯಾರ ನೋಡ್ರಿ.”

ನಾನು ಎಚ್‌ಐವಿಯೊಂದಿಗೆ ಬದುಕುತ್ತಿರುವವರಿಗೆ ತಿಂಗಳ ಗುಳಿಗೆ ಕೊಡುವ ಕೇಂದ್ರದಲ್ಲಿ ಗುತ್ತಿಗೆ ನೌಕರ. ಕೇಂದ್ರ ಯಾವ ಊರಿನಲ್ಲಿದೆ ಎಂದು ಬರೆಯುವುದಿಲ್ಲ. ನಮ್ಮ ಕಡೆ ಒಂದು ಪದ್ಧತಿ ಇದೆ: ಯಾರೂ ತಮ್ಮ ಊರಿನಲ್ಲಿ ಗುಳಿಗೆ ತೆಗೆದುಕೊಳ್ಳುವುದಿಲ್ಲ. ಶಹಾಬಾದದವರು ಸೇಡಂ ದಾರಿ ಹಿಡಿಯುತ್ತಾರೆ, ಚಿತ್ತಾಪುರದವರು ಶಹಾಬಾದಕ್ಕೆ ಹೋಗುತ್ತಾರೆ, ಚಿಂಚೋಳಿಯವರು ಎರಡು ಬಸ್ಸು ಬದಲಿಸಿ ವಾಡಿಯ ಕಡೆ ಬರುತ್ತಾರೆ. ರೈಲಿನಲ್ಲಿ ಎದುರುಬದುರು ಕುಳಿತರೂ ಒಬ್ಬರನ್ನೊಬ್ಬರು ಗುರುತಿಸದಂತೆ ಕಿಟಕಿಯ ಹೊರಗೆ ನೋಡುತ್ತಾರೆ. ಭೀಮಬಾಯಿ ಭಂಕೂರದವರು ಎಂದಿಟ್ಟುಕೊಳ್ಳಿ, ಊರಿನ ಹೆಸರನ್ನೂ ಬದಲಿಸಿದ್ದೇನೆ. ಅಲ್ಲಿಯ ಒಂದು ಕಲ್ಲಿನ ಕಾರ್ಖಾನೆಯಲ್ಲಿ ಪಾಲಿಷ್ ಯಂತ್ರದ ಕೆಲಸ. ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ವಯಸ್ಸು ಐವತ್ತರ ಆಸುಪಾಸು. ಮೊದಲಿನ ವರ್ಷಗಳಲ್ಲಿ ಕೊಡುತ್ತಿದ್ದ ಹಳೆಯ ಗುಳಿಗೆ ಅನೇಕರ ಕಾಲಿನ ನರಗಳನ್ನು ಕೆಡಿಸಿತ್ತು. ಗುಳಿಗೆ ಬದಲಾಯಿತು, ಕೆಟ್ಟ ನರ ಸರಿಹೋಗಲಿಲ್ಲ. ಭೀಮಬಾಯಿಯವರ ಪಾದ ಉರಿಯುತ್ತಿದ್ದುದು ಆ ಕಾರಣದಿಂದ.

ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಕಂಡದ್ದನ್ನೆಲ್ಲ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ ಕಿವಿಗೊಟ್ಟು ಕೇಳುವುದು. ಕಲ್ಲಿನವರು ಹಾಗೆ ಒಳಬಿರುಕು ಪತ್ತೆ ಮಾಡುತ್ತಾರೆ: ಗಣಗಣ ಎಂದರೆ ಗಟ್ಟಿ, ಬೊದಬೊದ ಎಂದರೆ ಒಡಕು. ನನ್ನ ಹೊಸ ಮೇಜನ್ನೂ ತಟ್ಟಿ ನೋಡಿ, “ಮ್ಯಾಲೆ ಥಳಥಳ, ಒಳಗ ಪೊಳ್ಳ ಅದರಿ,” ಎಂದು ತೀರ್ಪು ಕೊಟ್ಟಿದ್ದರು. ಆರು ತಿಂಗಳಲ್ಲಿ ಮೇಜಿನ ಹಲಗೆ ಉಬ್ಬಿ ಬಂದದ್ದು ನಿಜ.

ನೋವಿನ ಬಗ್ಗೆ ನಮ್ಮಲ್ಲಿ ಒಂದು ನಮೂನೆ ಇದೆ. ಸೊನ್ನೆಯಿಂದ ಹತ್ತರವರೆಗೆ ಅಂಕಿ ಕೇಳಿ ಬರೆದುಕೊಳ್ಳಬೇಕು.

“ಹತ್ತರಾಗ ಎಷ್ಟು ಹೇಳ್ರಿ,” ಎಂದೆ.

“ನಿಮಗ ಎಷ್ಟ ಬೇಕ್ರಿ?”

“ನನಗ ಬೇಕಾದ್ದಲ್ರಿ, ನಿಮಗ ಆಗೋದು ಹೇಳ್ರಿ.”

“ಹತ್ತ ಅಂದ್ರ ನಾಟಕ ಅಂತೀರಿ. ಎರಡ ಅಂದ್ರ ಗುಳಿಗಿ ಕೊಡಂಗಿಲ್ಲ. ನಡುವಿಂದೊಂದು ಬರಕೊಳ್ರಿ, ಇಬ್ಬರಿಗೂ ತ್ರಾಸ ಇಲ್ಲ.”

ನಾನು ಐದು ಎಂದು ಬರೆದೆ. ವೈದ್ಯಾಧಿಕಾರಿ ಮೇಡಂ ನರದ ನೋವಿಗೆ ಗುಳಿಗೆ ಬರೆದುಕೊಟ್ಟರು. ಭೀಮಬಾಯಿ ಎರಡು ತಿಂಗಳು ಅದನ್ನು ನುಂಗಿದರು. ಮೂರನೆಯ ತಿಂಗಳು ಬಂದವರ ಮೊಣಕೈಗೆ ಪಟ್ಟಿ ಇತ್ತು. ಆ ಗುಳಿಗೆಯ ಮಂಪರಿನಲ್ಲಿ, ನೀರು ಹರಿಯುವ ಪಾಲಿಷ್ ಯಂತ್ರದ ಬಳಿ ಕಾಲು ಜಾರಿ ಬಿದ್ದಿದ್ದರು. “ಚಕ್ರ ಒಂದ ಗೇಣ ದೂರ ಇತ್ತರಿ. ಕಾಲ ಉರಿ ತಪ್ಪಸಾಕ ಹೋಗಿ ಕೈ ಕಳಕೊಳ್ಳಲೇನು?” ಎಂದು ಉಳಿದ ಗುಳಿಗೆಗಳನ್ನು ಪ್ರಾಮಾಣಿಕವಾಗಿ ವಾಪಸು ಕೊಟ್ಟರು.

ನನ್ನ ಸ್ವಭಾವದ ಬಗ್ಗೆ ಇಲ್ಲಿ ನಿವೇದಿಸಿಕೊಳ್ಳುವುದು ಅಗತ್ಯ. ನಾನು ಸಂಶಯದ ಮನುಷ್ಯ. ನನ್ನ ಕೆಲಸವೂ ಅದೇ ಆಗಿತ್ತು. ತಿಂಗಳ ಕೊನೆಗೆ ಡಬ್ಬಿಯಲ್ಲಿ ಉಳಿದ ಗುಳಿಗೆಗಳನ್ನು ಎಣಿಸಿ, ಎಷ್ಟು ದಿನ ತಪ್ಪಿಸಿದ್ದಾರೆಂದು ಕಂಡುಹಿಡಿಯಬೇಕು. ಕೆಲವರು ಲೆಕ್ಕ ಸರಿಹೋಗಲೆಂದು ಮಿಕ್ಕ ಗುಳಿಗೆಗಳನ್ನು ದಾರಿಯಲ್ಲೇ ಚೆಲ್ಲಿ ಬರುತ್ತಾರೆ. ಆಸ್ಪತ್ರೆಯ ಹಿಂದಿನ ಗಟಾರದಲ್ಲಿ ಬಿಳಿ ಗುಳಿಗೆಗಳು ತೇಲುವುದನ್ನು ನಾನೇ ನೋಡಿದ್ದೇನೆ. ಆದ್ದರಿಂದ ಒಂದೆರಡು ಹೆಚ್ಚು ಉಳಿಸಿ ತಂದವರನ್ನು ನಂಬುತ್ತಿದ್ದೆ. ಲೆಕ್ಕ ಪೂರ್ತಿ ಸರಿ ಇದ್ದವರನ್ನು ನಂಬುತ್ತಿರಲಿಲ್ಲ. ಭೀಮಬಾಯಿಯವರ ಲೆಕ್ಕ ಒಂದು ತಿಂಗಳೂ ತಪ್ಪಲಿಲ್ಲ. ಸಂಜೆಯ ಪ್ಯಾಸೆಂಜರ್ ಗಾಡಿ ಕೂಗಿದಾಗ ನುಂಗುತ್ತೇನೆಂದು ಹೇಳುತ್ತಿದ್ದರು. “ಗಾಡಿ ಲೇಟ್ ಆದ ದಿನ?” ಎಂದು ಕೇಳಿದ್ದೆ. “ಆ ದಿನ ಗುಳಿಗೀನೂ ಲೇಟ್,” ಎಂದಿದ್ದರು.

ರಕ್ತ ಪರೀಕ್ಷೆಗೆ ಕಳುಹಿಸಿದೆ. ವೈರಾಣು ಕಾಣದಷ್ಟು ಕಡಿಮೆ ಎಂದು ವರದಿ ಬಂತು. ಅಂದರೆ ಗುಳಿಗೆಗಳನ್ನು ಒಂದೂ ಬಿಡದೆ ನುಂಗುತ್ತಿದ್ದರು.

“ಏನ ಬಂತರಿ?”

“ಚಲೋ ಬಂದದ.”

“ಮತ್ತ ಮಾರಿ ಯಾಕ ಹಾಂಗ ಮಾಡೀರಿ? ಕೆಟ್ಟ ಬಂದಿದ್ರ ಖುಷಿ ಆಗ್ತಿತ್ತೇನು? ನೀವು ಪೊಲೀಸ್ ಆಗಬೇಕಿತ್ತರಿ ಸರ್. ಈ ಕುರ್ಚಿಗಿ ಯಾರ ತಂದು ಕುಂದ್ರಿಸ್ಯಾರ?”

ಪಡಸಾಲೆಯಲ್ಲಿದ್ದವರು ನಕ್ಕರು. ನಾನೂ ನಕ್ಕೆ.

ಅದಾದ ಕೆಲವು ತಿಂಗಳಿಗೆ ವಾರ್ಷಿಕ ನಮೂನೆ ತುಂಬುವ ಸಮಯ ಬಂತು. ಅದರಲ್ಲಿ ಬೀಡಿ, ಸೆರೆ, ಗಾಂಜಾ, ಇತರೆ ಎಂಬ ಕಾಲಂ ಇದೆ. ಎಲ್ಲರಿಗೂ ಓದಿ ಹೇಳುವುದು, ಎಲ್ಲರೂ ಇಲ್ಲ ಎನ್ನುವುದು, ನಾನು ಇಲ್ಲ ಎಂದು ಗುರುತು ಹಾಕುವುದು ರೂಢಿ. ಭೀಮಬಾಯಿಗೆ ಓದಿ ಹೇಳುವಾಗಲೂ ನನ್ನ ಪೆನ್ನು ಇಲ್ಲ ಎಂಬಲ್ಲಿ ಇಳಿದಿತ್ತು.

“ಗಾಂಜಾ ಹೌದ್ರಿ,” ಎಂದರು.

“ಏನಂದ್ರಿ?”

“ನೀವೇ ಕೇಳಿದ್ರಲ್ಲ. ಗ್ವಾಡಿಗಿ ಹಚ್ಚಿದ ಕಾಗದ ಮೊದಲನೇ ದಿನ ನೀವೇ ಓದಿ ಹೇಳೀರಿ, ಇಲ್ಲಿ ಹೇಳಿದ್ದು ಹೊರಗ ಹೋಗಂಗಿಲ್ಲ ಅಂತ. ಅದಕ್ಕ ಹೇಳೀನಿ.”

ನಾನು ಎದ್ದು ಬಾಗಿಲು ಹಾಕಿ ಬಂದು ಕುಳಿತೆ. ಎಲ್ಲಿಂದ ಎಂದು ಕೇಳಿದೆ.

“ತೊಗರಿ ಸಾಲಿನ ನಡುವ ಹಚ್ಚಿರ್ತಾರ. ಯಾರ ಹೊಲ ಅಂತ ಕೇಳಬ್ಯಾಡ್ರಿ, ಹೇಳಂಗಿಲ್ಲ. ಒಂದ ಚಿಟಿಕಿ ತಪ್ಪಲ, ಸಂಜಿ ಚಾದಾಗ. ಮೊದಲ ನಿಮ್ಮ ಗುಳಿಗಿ, ಆಮ್ಯಾಲೆ ನನ್ನ ತಪ್ಪಲ.”

ತಪ್ಪಲ ಎಂದರೆ ನಮ್ಮ ಕಡೆ ಸೊಪ್ಪು. ಅವರು ಅದನ್ನು ಗಾಂಜಾ ಎಂದದ್ದನ್ನು ಆ ಒಂದು ಸಲ ಬಿಟ್ಟರೆ ನಾನು ಕೇಳಿಲ್ಲ.

“ಅದರಿಂದ ನೋವು ಹೋಗ್ತದೇನ್ರಿ?”

ಭೀಮಬಾಯಿ ತಮ್ಮ ಪಾದಗಳನ್ನು ನೋಡಿಕೊಂಡರು. “ಹೋಗಂಗಿಲ್ಲ ತಮ್ಮಾ,” ಎಂದರು. ಅವರು ನನ್ನನ್ನು ತಮ್ಮ ಎಂದು ಕರೆದದ್ದು ಅದೊಂದೇ ಸಲ. “ನೋವ ಎಲ್ಲಿಗಿ ಹೋಗ್ತದ? ಎದ್ದು ಬಾಗಿಲ ಹೊರಗ ಕುಂದ್ರತದ. ನಾಕ ತಾಸ ನಿದ್ದಿ ಬರ್ತದ. ಮುಂಜಾನಿ ನಾ ಕಾಲ ಕೆಳಗ ಇಟ್ಟಕೂಡ್ಲೆ ಒಳಗ ಬರ್ತದ. ಆ ನಾಕ ತಾಸಿನ ಸಲುವಾಗಿ ತಗೋತೀನಿ.”

ನಾನು ಆ ಕಾಲಂ ಖಾಲಿ ಬಿಟ್ಟೆ. ಹೆಸರು ಹೇಳದೆ ವೈದ್ಯಾಧಿಕಾರಿ ಮೇಡಂ ಅವರನ್ನು ವಿಚಾರಿಸಿದೆ. “ಕೆಲವರಿಗೆ ಉರಿ ಕಡಿಮೆ ಆಗ್ತದೆ ಅಂತ ಹೇಳ್ತಾರೆ. ನಾನು ಬರೆದುಕೊಡುವ ಔಷಧಿ ಅಲ್ಲ ಅದು, ಕಾನೂನೂ ಒಪ್ಪುವುದಿಲ್ಲ. ಆದರೆ ಅವರು ಗುಳಿಗೆ ತಪ್ಪಿಸುತ್ತಿಲ್ಲ ತಾನೆ? ಮೊದಲು ಅವರು ಇಲ್ಲಿಗೆ ಬರುವುದು ನಿಲ್ಲದಂತೆ ನೋಡಿಕೊಳ್ಳಿ,” ಎಂದರು. ಸದರಿ ಸೂಚನೆಯನ್ನು ನಾನು ಪಾಲಿಸಲಿಲ್ಲ ಎಂಬುದನ್ನು ಈ ಮೂಲಕ ಒಪ್ಪಿಕೊಳ್ಳುತ್ತೇನೆ.

ಅಲ್ಲಿಂದ ಮುಂದೆ ನನ್ನ ಕಣ್ಣು ಭೀಮಬಾಯಿಯವರ ಚೀಲದ ಮೇಲೆಯೇ ಇತ್ತು. ನಲ್ಲಿಯ ಬಳಿ ನಿಂತ ಅವರ ಹತ್ತಿರ ಒಬ್ಬೊಬ್ಬರೇ ನೀರು ಕುಡಿಯುವ ನೆಪದಲ್ಲಿ ಹೋಗುತ್ತಿದ್ದರು. ಚೀಲದಿಂದ ಒಂದು ಸಣ್ಣ ಪೊಟ್ಟಣ ಹೊರಬರುತ್ತಿತ್ತು. ಹಳೆಯ ಪೇಪರಿನಲ್ಲಿ ಸುತ್ತಿ ಕೆಂಪು ದಾರದಿಂದ ಕಟ್ಟಿದ ಪೊಟ್ಟಣ. ತೆಗೆದುಕೊಂಡವರು ತಿರುಗಿ ನೋಡದೆ ಹೋಗುತ್ತಿದ್ದರು. ಚಿಂಚೋಳಿ ಪಕ್ಕದ ಚಂದಾಪುರದಿಂದ ಬರುವ ಮಾಸ್ತರರೊಬ್ಬರು ಒಂದು ದಿನ ಅಂಥ ಪೊಟ್ಟಣವನ್ನು ನನ್ನ ಮೇಜಿನ ಮೇಲಿಟ್ಟು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಹಸಿ ಸೊಪ್ಪಿನ ಘಾಟು ನನ್ನ ಮೂಗಿಗೆ ಬಡಿಯಿತು.

“ಏನ್ರಿ ಮಾಸ್ತರ ಇದು?”

“ಕಾಲಿಗಿ ಔಷಧರಿ.”

“ಯಾರ ಕೊಟ್ರು?”

ಮಾಸ್ತರರು ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡರು. “ಕಾಲ ಉರಿಯೋದು ಗೊತ್ತಿದ್ದವ್ರು,” ಎಂದರು.

ಭೀಮಬಾಯಿಯವರನ್ನೇ ಕರೆದು ಕೇಳಬಹುದಿತ್ತು. ಗಾಂಜಾ ಹೌದು ಎಂದು ಹೇಳಿದವರು ಇದನ್ನೂ ಹೇಳುತ್ತಿದ್ದರು. ಆದರೆ ನನಗೆ ಉತ್ತರ ಬೇಕಿರಲಿಲ್ಲ, ಪುರಾವೆ ಬೇಕಿತ್ತು. ನನ್ನ ಗುತ್ತಿಗೆಯ ನವೀಕರಣ ಬಾಕಿ ಇತ್ತು. ಕೇಂದ್ರದ ಪಡಸಾಲೆಯಲ್ಲಿ ಗಾಂಜಾ ಹಂಚುತ್ತಿದ್ದರೆಂದು ನಾಳೆ ಹೊರಬಿದ್ದರೆ ಗೊತ್ತಿದ್ದೂ ಸುಮ್ಮನಿದ್ದವನು ನಾನಾಗುತ್ತಿದ್ದೆ. ಹೀಗೆಲ್ಲ ಯೋಚಿಸಿ ಆಡಳಿತಾಧಿಕಾರಿಗಳಿಗೆ ಒಂದು ಗೋಪ್ಯ ಪತ್ರ ಬರೆದೆ. ಟೈಪ್ ಮಾಡಿಸಿದರೆ ಇನ್ನೊಬ್ಬರು ಓದುತ್ತಾರೆಂದು ಕೈಯಿಂದಲೇ ಬರೆದೆ. ಗೋಪ್ಯತೆಯ ನಿಯಮ ಮುರಿಯಬಾರದೆಂದು ಹೆಸರನ್ನೂ ಊರನ್ನೂ ಬರೆಯಲಿಲ್ಲ. ‘ಕುರ್ಚಿಯಲ್ಲಿ ಕೂರದೆ ನಲ್ಲಿಯ ಪಕ್ಕದ ಕಲ್ಲಿನ ಮೇಲೆ ಬರಿಗಾಲಿನಲ್ಲಿ ನಿಲ್ಲುವ ಓರ್ವ ಮಹಿಳೆ’ ಎಂದಷ್ಟೇ ನಮೂದಿಸಿದೆ. ನಿಯಮ ಪಾಲಿಸಿದ ಸಮಾಧಾನ ನನಗಿತ್ತು.

ಪತ್ರ ಅಲ್ಲಿಂದ ಠಾಣೆಗೆ ಹೋಯಿತು. ಮುಂದಿನ ತಿಂಗಳು ಗುಳಿಗೆ ಕೊಡುವ ದಿನ ಒಬ್ಬ ಪೇದೆ ಸಾದಾ ಬಟ್ಟೆಯಲ್ಲಿ ಬಂದ. ಬಟ್ಟೆ ಸಾದಾ ಇದ್ದರೂ ಬೂಟು ಇಲಾಖೆಯದೇ ಇತ್ತು. ಬೂಟು ನೋಡಿಯೇ ನಾಲ್ಕೈದು ಜನ ಗೇಟಿನಿಂದ ಹಿಂತಿರುಗಿದರು. ಪೇದೆ ಯಾರನ್ನೂ ಕೇಳಲಿಲ್ಲ, ನೇರ ನಲ್ಲಿಯ ಕಡೆ ನಡೆದ.

“ಅಕ್ಕಾ, ಚೀಲ ತಗೊಂಡು ಒಳಗ ಬರ್ರಿ.”

ನನ್ನ ಕೋಣೆಯಲ್ಲಿ ನನ್ನದೇ ಮೇಜಿನ ಮೇಲೆ ಚೀಲ ಬರಿದಾಯಿತು. ಚಪ್ಪಲಿ, ಗುಳಿಗೆ ಡಬ್ಬಿ, ಅರ್ಧ ರೊಟ್ಟಿ, ಏಳು ಪೊಟ್ಟಣ. ಪೇದೆ ಒಂದರ ದಾರ ಬಿಚ್ಚಿದ. ಒಳಗೆ ಸೊಪ್ಪಿರಲಿಲ್ಲ. ಹಿಟ್ಟಿನಂಥ ನಯವಾದ ಬೂದುಬಿಳಿ ಪುಡಿ ಇತ್ತು.

“ಏನ ಪೌಡರ್ ಇದು?” ಪೇದೆಯ ದನಿ ಬದಲಾಯಿತು. ಗಾಂಜಾಕ್ಕಿಂತ ದೊಡ್ಡದೇನೋ ಹಿಡಿದುಕೊಟ್ಟೆನೆಂದು ನಾನು ಭಾವಿಸಿದೆನೆಂಬುದನ್ನು ನಾಚಿಕೆಯಿಂದ ದಾಖಲಿಸುತ್ತೇನೆ.

“ನೀರ ಹಾಕಿ ನೋಡ್ರಿ,” ಎಂದರು ಭೀಮಬಾಯಿ.

ಪೇದೆ ನನ್ನ ಬಾಟಲಿಯಿಂದ ಎರಡು ಹನಿ ನೀರು ಹಾಕಿ ಬೆರಳಿನಲ್ಲಿ ತಿಕ್ಕಿದ. ಮೂಗಿನ ಹತ್ತಿರ ಒಯ್ದ. ಅವನ ಹುಬ್ಬುಗಳು ಇಳಿದವು. “ಪಾಲಿಷ್ ರಾಡಿ ಅಲ್ಲೇನವಾ ಇದು! ನಾ ಶಹಾಬಾದದಾಂವ. ನಮ್ಮಪ್ಪನ ಧೋತರ ತುಂಬ ಇದೇ ಇರ್ತಿತ್ತು. ಇದನ್ನ ಯಾಕ ಹಂಚ್ತೀರಿ ಜನರಿಗಿ?”

ಕಲ್ಲಿಗೆ ಹೊಳಪು ಕೊಡುವಾಗ ಯಂತ್ರದ ಕೆಳಗೆ ನೀರಿನೊಂದಿಗೆ ಹರಿದುಬರುವ ಕಲ್ಲಿನ ಕೆಸರು ಅದು. ತೊಟ್ಟಿಯಲ್ಲಿ ತಂಗಿದ ಮೇಲ್ಪದರವನ್ನು ತೆಗೆದು, ಒಣಗಿಸಿ, ಸೀರೆಯ ತುಂಡಿನಲ್ಲಿ ಸೋಸಿ ಅವರು ಪೊಟ್ಟಣ ಕಟ್ಟುತ್ತಿದ್ದರು. ನೀರಿನಲ್ಲಿ ಕಲಸಿ ಅಂಗಾಲಿಗೆ ಮೆತ್ತಿಕೊಂಡರೆ ಒಣಗುವವರೆಗೆ ತಂಪು. “ನನ್ನಂಗೇ ಹಳೀ ಗುಳಿಗಿ ತಿಂದವ್ರು ಭಾಳ ಮಂದಿ ಅದಾರ್ರಿ,” ಎಂದರು. “ಎಲ್ಲಾರಿಗೂ ಪರ್ಸಿ ಹೊತ್ತು ಕೊಡಾಕ ಆಗ್ತದೇನು? ಪುಡಿ ಕೊಟ್ಟೀನಿ. ಬ್ಯಾರೆ ಏನೂ ಯಾರಿಗೂ ಕೊಟ್ಟಿಲ್ಲ. ನನ್ನ ನಿದ್ದಿಗಿ ನಾ ಮಾಡಕೊಂಡದ್ದು ನನಗೇ ಇರ್ಲಿ.”

ಪೇದೆ ಖಾಲಿ ಚೀಲವನ್ನು ಎತ್ತಿಕೊಂಡ. ನನ್ನ ಮೂಗಿಗೆ ಬಡಿದಿದ್ದ ಘಾಟು ಆ ಚೀಲದ್ದು. ಸೊಪ್ಪನ್ನು ಅದರಲ್ಲೇ ತರುತ್ತಿದ್ದುದರಿಂದ ಪೊಟ್ಟಣಗಳಿಗೂ ಹತ್ತುತ್ತಿತ್ತು. ಪೇದೆಯ ಮೂಗಿಗೂ ಅದು ಬಡಿದಿರಲೇಬೇಕು. ಅವನು ಒಂದು ಕ್ಷಣ ಚೀಲವನ್ನೂ ಮತ್ತೊಂದು ಕ್ಷಣ ಅವರ ಪಾದಗಳನ್ನೂ ನೋಡಿದ. ಪೊಟ್ಟಣಗಳನ್ನು ಒಂದೊಂದಾಗಿ ಚೀಲದೊಳಗೆ ಇಟ್ಟು ಅವರ ಕೈಗೆ ಕೊಟ್ಟ.

“ಚೀಲ ತೊಳಕೊಳ್ರಿ ಅಕ್ಕಾ,” ಎಂದು ಮೆಲ್ಲಗೆ ಹೇಳಿ ಹೊರಗೆ ಹೋದ.

ಹೋಗುವಾಗ ಠಾಣೆಯಿಂದ ತಂದಿದ್ದ ಕಡತವನ್ನು ಮೇಜಿನ ಮೇಲೆಯೇ ಬಿಟ್ಟಿದ್ದ. ಮೇಲೆ ನನ್ನ ಪತ್ರವಿತ್ತು. ನಾನು ಅದನ್ನು ಮಗುಚುವುದಕ್ಕೆ ಕೈಚಾಚಿದೆ. ಅಷ್ಟರಲ್ಲಿ ಭೀಮಬಾಯಿ ಅದರ ಮೇಲೆ ಬಗ್ಗಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ. ಆದ್ದರಿಂದ ನನಗೆ ಭಯವಿರಲಿಲ್ಲ. ಅವರು ಚೀಲದಿಂದ ಗುಳಿಗೆ ಡಬ್ಬಿ ತೆಗೆದು ಪತ್ರದ ಪಕ್ಕದಲ್ಲಿಟ್ಟರು. ಪ್ರತಿ ತಿಂಗಳು ಡಬ್ಬಿಯ ಮೇಲೆ ಚೀಟಿ ಅಂಟಿಸಿ, ಯಾವ ಗುಳಿಗೆ ಯಾವಾಗ ಎಂದು ಬರೆಯುವವನು ನಾನೇ. ಚೀಟಿಯ ಅಕ್ಷರ ಎಡಕ್ಕೆ ವಾಲಿತ್ತು. ಪತ್ರದ ಅಕ್ಷರವೂ ವಾಲಿತ್ತು. ಎರಡರಲ್ಲೂ ಕೊಂಬುಗಳು ಕೆಳಗಿನ ಸಾಲಿಗೆ ಇಳಿದಿದ್ದವು.

“ನನಗ ಓದಾಕ ಬರಂಗಿಲ್ರಿ,” ಎಂದರು. “ಆದ್ರ ಈ ಅಕ್ಷರದ ಗುರ್ತ ಅದ. ದಿನಾ ಸಂಜಿ ಇದನ್ನ ನೋಡಿ ಗುಳಿಗಿ ನುಂಗತೀನಿ. ಇದು ನೀವ್ ಬರದದ್ದೇನ್ರಿ ಸಾಹೇಬ್ರೇ?”

ಅವರು ನನ್ನನ್ನು ಎಂದೂ ಸಾಹೇಬ್ರು ಎಂದಿರಲಿಲ್ಲ.

“ನಂದಲ್ರಿ,” ಎಂದೆ.

ಭೀಮಬಾಯಿ ಬೆರಳ ಗೆಣ್ಣಿನಿಂದ ನನ್ನ ಮೇಜನ್ನು ಎರಡು ಸಲ ತಟ್ಟಿದರು. ಕಿವಿಗೊಟ್ಟು ಕೇಳಿದರು. ಆ ತಿಂಗಳ ಡಬ್ಬಿಯನ್ನು ತೆಗೆದುಕೊಂಡು, ಕೋಣೆಯ ಹೊಸ್ತಿಲಲ್ಲೇ ಚಪ್ಪಲಿ ಮೆಟ್ಟಿಕೊಂಡರು. ನಮ್ಮ ಪಡಸಾಲೆಯಲ್ಲಿ ಅವರು ಚಪ್ಪಲಿ ಹಾಕಿಕೊಂಡು ನಡೆದದ್ದನ್ನು ನಾನು ಮೊದಲ ಸಲ ನೋಡಿದೆ. ನಲ್ಲಿಯ ಬಳಿಯ ಕಲ್ಲನ್ನು ದಾಟಿ ನಿಲ್ಲದೆ ಹೋದರು.

ಮುಂದಿನ ತಿಂಗಳು ಭೀಮಬಾಯಿ ಬರಲಿಲ್ಲ. ಅವರ ಡಬ್ಬಿಯಲ್ಲಿ ಇದ್ದುದು ಮೂವತ್ತು ದಿನದ ಗುಳಿಗೆ. ಅದು ತೀರಿದ ಮೇಲೆ ಗುಳಿಗೆ ನಿಂತರೆ, ಇಷ್ಟು ವರ್ಷ ಅಡಗಿಸಿಟ್ಟ ವೈರಾಣು ಮತ್ತೆ ಏಳುತ್ತದೆ. ಬೇರೆ ಕೇಂದ್ರಕ್ಕೆ ವರ್ಗವಾಗಿದ್ದರೆ ನಮ್ಮಲ್ಲಿಗೆ ಕಾಗದ ಬರಬೇಕಿತ್ತು, ಬರಲಿಲ್ಲ. ಕೊಟ್ಟಿದ್ದ ಫೋನ್ ನಂಬರು ಬಂದ್ ಆಗಿತ್ತು. ಮೂವತ್ತೈದನೆಯ ದಿನ ನಾನು ಭಂಕೂರಕ್ಕೆ ಹೋದೆ. ಆಸ್ಪತ್ರೆಯವನೆಂದು ಹೇಳಿದರೆ ಊರಿಗೆಲ್ಲ ಅವರ ಕಾಯಿಲೆ ತಿಳಿಯುತ್ತದೆ. ಆದ್ದರಿಂದ ಮನೆಗೆ ಹಾಸಲು ಕಲ್ಲು ನೋಡಲು ಬಂದಿದ್ದೇನೆಂದು ಕಾರ್ಖಾನೆಯ ಆಳುಗಳ ಮೇಲ್ವಿಚಾರಕನಾದ ಮುಕಾದಮನಿಗೆ ಹೇಳಿದೆ.

“ಯಾವ ಊರ್ರಿ ನಿಮ್ದು?”

“ಸೇಡಂ.”

“ಸೇಡಂದಾಗ ಕಲ್ಲ ಮುಗದಾವೇನ್ರಿ?”

ಹತ್ತು ಕಲ್ಲು ನೋಡಿದ ಮೇಲೆ, ಇಲ್ಲಿ ಕಲ್ಲು ತಟ್ಟಿ ಒಡಕು ಹೇಳುವ ಒಬ್ಬ ಹೆಣ್ಣುಮಗಳಿದ್ದಾರಂತಲ್ಲ, ಅವರಿಂದ ಆರಿಸಿಕೊಳ್ಳುತ್ತೇನೆ ಎಂದೆ. ಮುಕಾದಮ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ನಾನು ಮೇಜಿನ ಆಚೆ ಕುಳಿತು ಎಷ್ಟೋ ಜನರನ್ನು ನೋಡಿದ ನೋಟ ಅದೇ ಆಗಿತ್ತು.

“ಕಲ್ಲ ನೋಡಾಕ ಬಂದವ್ರು ಕಲ್ಲ ನೋಡ್ರಿ. ಹೆಣ್ಮಕ್ಕಳ ಸುದ್ದಿ ಯಾಕ? ಆಕಿ ಕೆಲಸ ಬಿಟ್ಟು ಹೋಗ್ಯಾಳ. ಎಲ್ಲಿಗಿ ಅಂತ ಗೊತ್ತಿದ್ರೂ ನಿಮಗ ಹೇಳಂಗಿಲ್ಲ. ನೀವು ಕಲ್ಲ ತಗೊಳ್ಳವ್ರ ಅಲ್ಲ.”

ಅವನ ಹಿಂದೆ ತೊಟ್ಟಿಯಲ್ಲಿ ಬೂದು ಕೆಸರು ತಂಗಿತ್ತು. ಮೇಲ್ಪದರ ಯಾರೂ ಮುಟ್ಟದೆ ಗಟ್ಟಿಯಾಗಿ ಬಿರಿದಿತ್ತು.

ಆಮೇಲೆ ನಾಲ್ಕು ತಿಂಗಳು ಕಳೆದವು. ನನ್ನ ಗುತ್ತಿಗೆ ನವೀಕರಣಗೊಂಡಿತು. ಭೀಮಬಾಯಿಯವರ ಹೆಸರನ್ನು ಸಂಪರ್ಕ ತಪ್ಪಿದವರ ಪಟ್ಟಿಗೆ ಸೇರಿಸಬೇಕಾಯಿತು. ಕಳೆದ ವಾರ ಚಂದಾಪುರದ ಮಾಸ್ತರರು ಗುಳಿಗೆಗೆ ಬಂದಿದ್ದರು. ಕನ್ನಡಕ ತೆಗೆಯಲು ಜೇಬಿಗೆ ಕೈಹಾಕಿದಾಗ ಒಂದು ಪೊಟ್ಟಣ ಮೇಜಿನ ಮೇಲೆ ಬಿತ್ತು. ಅದೇ ಕೆಂಪು ದಾರ. ಪೇಪರು ಹಳೆಯದಲ್ಲ, ಮಡಿಕೆ ಇನ್ನೂ ಗರಿಗರಿ ಇತ್ತು. ಯಾವ ವಾಸನೆಯೂ ಬರುತ್ತಿರಲಿಲ್ಲ.

ನಾನು ಎದ್ದು ನಿಂತೆ. “ಮಾಸ್ತರ, ಎಲ್ಲಿದ್ದಾರ ಅಂತ ಕೇಳಂಗಿಲ್ಲ. ಏನ ಮಾಡ್ತಾರ ಅಂತ ಕೇಳಂಗಿಲ್ಲ. ಗುಳಿಗಿ ತಗೊಳ್ಳಾಕತ್ತಾರೇನ್ರಿ? ಅಷ್ಟೇ ಹೇಳ್ರಿ.”

ಮಾಸ್ತರರು ಪೊಟ್ಟಣವನ್ನು ಮೊದಲು ಜೇಬಿಗೆ ಸೇರಿಸಿದರು. ನನ್ನ ಕೈಯಲ್ಲಿದ್ದ ಪೆನ್ನನ್ನು ನೋಡಿದರು.

“ಹೇಳಿದ್ರ ಬರೀತೀರೇನ್ರಿ ಸರ್?”

ನಾನು ಪೆನ್ನನ್ನು ಡ್ರಾಯರಿಗೆ ಹಾಕಿ ಮುಚ್ಚಿದೆ. ಮಾಸ್ತರರು ಡ್ರಾಯರನ್ನು ನೋಡಿದರು, ನನ್ನನ್ನು ನೋಡಿದರು. “ನನ್ನ ಡಬ್ಬಿ ಕೊಡ್ರಿ, ಬಸ್ಸಿನ ಟೈಮ ಆಯ್ತು,” ಎಂದು ಎದ್ದರು.

ಈಗ ಡಬ್ಬಿಯ ಮೇಲಿನ ಚೀಟಿಗಳನ್ನು ನಾನು ಬರೆಯುವುದಿಲ್ಲ, ನರ್ಸ್ ಬರೆಯುತ್ತಾರೆ. ನಲ್ಲಿಯ ಪಕ್ಕದ ಆ ಪರ್ಸಿಯ ಮೇಲೆ ಇನ್ನೊಂದು ಕುರ್ಚಿ ಹಾಕಲು ಬಂದವರನ್ನು ತಡೆದಿದ್ದೇನೆ. ನಲ್ಲಿಯ ಸೋರಿಕೆ ಸರಿಪಡಿಸಬೇಕೆಂಬ ಅರ್ಜಿಯನ್ನೂ ಮುಂದೆ ಕಳುಹಿಸಿಲ್ಲ. ಆ ಕಲ್ಲು ತೇವವಾಗಿಯೇ ಇದೆ.

ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ತಿದ್ದಬೇಕಾಗಿ ವಿನಂತಿ. ಹೆಸರು, ಊರು ಬದಲಿಸಿದರೂ ಅವರನ್ನು ಗುರುತಿಸಬಹುದಾದ ಮಾತು ಎಲ್ಲಿಯಾದರೂ ಮತ್ತೆ ಉಳಿದುಹೋಗಿದ್ದರೆ, ಅದನ್ನು ಎಲ್ಲಕ್ಕಿಂತ ಮೊದಲು ಹೊಡೆದುಹಾಕಬೇಕಾಗಿ ಪ್ರಾರ್ಥಿಸುತ್ತೇನೆ.